ಏಳು ತೊಲಿಯ ರಿಕವರಿ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಬಿಳಿಗುಡ್ಡ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದಳು. ಬಾಗಿಲಲ್ಲೇ ಚಪ್ಪಲಿ ಕಳಚಿದಳು. ಕಾವಲಿನ ಪೇದೆ ಬೇಡವೆಂದರೂ ಕೇಳದೆ ಬರಿಗಾಲಲ್ಲಿ ಒಳಗೆ ಬಂದು ಗೋಡೆಗೆ ಆತು ನಿಂತಳು. ಹೆಸರು ಅನ್ನವ್ವ. ತಿಳವಳ್ಳಿಯ ಬದಿಯ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಗಂಡ ಉಳಿವೆಪ್ಪ ಮನೆಗಳಿಗೆ ಟೈಲ್ಸ್ ಕೂರಿಸುವ ಗೌಂಡಿ. ಭಾನುವಾರ ಸಂಜೆ ಕೆಲಸ ಮುಗಿಸಿ ಹೊರಟವನು ಮನೆಗೆ ಬಂದಿರಲಿಲ್ಲ.

ಇನ್ಸ್‌ಪೆಕ್ಟರ್ ಸುಧಾರಾಣಿ ಕುರ್ಚಿ ತೋರಿಸಿದಳು. "ಕುಂಡ್ರಿ. ಅವರನ್ನ ಯಾರರ ನೋಡ್ಯಾರೇನು?"

"ತಿಳವಳ್ಳಿ ಬಸ್‌ಸ್ಟ್ಯಾಂಡ್ ಮುಂದ ಚಾದಂಗಡಿ ಅಜ್ಜಪ್ಪ ನೋಡ್ಯಾರಂತ್ರಿ. ಇಬ್ಬರು ಬಂದು ಬಿಳಿ ಕಾರಿನ್ಯಾಗ ಹತ್ತಿಸ್ಕೊಂಡು ಹೋದ್ರಂತ."

"ಯಾರ್ ಕೂಡ ಜಗಳ ಇತ್ತು?"

"ಯಾರ್ ಕೂಡನೂ ಇಲ್ರಿ."

"ಫೋನ್ ಬಂತೇನು?"

ಅನ್ನವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಿನ್ನಿ ಬಂದಿತ್ರಿ. ನಂಬರ್ ಅವರದ, ದನಿ ಅವರದ. ಆದ್ರ ಮಾತು ಅವರದ್ದಲ್ರಿ. ಯಾರೋ ಬಾಜೂಕ ನಿಂತು ಹೇಳಿಕೊಟ್ಟಂಗಿತ್ತು. ಏಳು ತೊಲಿ ಬಂಗಾರ ಹೆಂಗರ ಮಾಡಿ ಹೊಂದಿಸು, ರಿಕವರಿ ಕೊಟ್ರ ಬಿಡ್ತಾರ ಅಂದ್ರು. ಆಮ್ಯಾಲೆ ಫೋನ್ ಬಂದ್ ಆತು."

ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಬಂದೇಸಾಬ ತಲೆ ಎತ್ತಿದ.

"ಏನು ಕೊಟ್ರ ಅಂದ್ರು?" ಸುಧಾರಾಣಿ ಕೇಳಿದಳು.

"ರಿಕವರಿ. ಹಂಗಂದ್ರ ಏನ್ರಿ ಅಕ್ಕಾರ?"

ಮನುಷ್ಯನನ್ನು ಎತ್ತಿಕೊಂಡು ಹೋದವರು ಹಣ ಕೇಳುತ್ತಾರೆ, ಬಂಗಾರವನ್ನೂ ಕೇಳುತ್ತಾರೆ. ರಿಕವರಿ ಕೇಳುವುದಿಲ್ಲ. ಅದು ಠಾಣೆಯ ಮಾತು. ಕಳುವಾದ ಮಾಲನ್ನು ಆರೋಪಿಯಿಂದ ವಶಕ್ಕೆ ಪಡೆಯುವುದಕ್ಕೆ ಪೊಲೀಸರ ಬಾಯಲ್ಲಿ ಓಡಾಡುವ ಹೆಸರು.

ಅನ್ನವ್ವನಿಗೆ ನೀರು ಕೊಡಲು ಹೇಳಿ ಸುಧಾರಾಣಿ ಬಂದೇಸಾಬನನ್ನು ಬದಿಗೆ ಕರೆದಳು. ಇಪ್ಪತ್ತಾರು ವರ್ಷ ಸೇವೆ ಮಾಡಿದ ಆತ ದನಿ ತಗ್ಗಿಸಿ ಹೇಳಿದ, "ಮೇಡಂ, ಬರಿಯೂಕಿಂತ ಮೊದಲ ಆ ಕಡೆ ಈ ಕಡೆ ಫೋನ್ ಹಚ್ಚಿ ಕೇಳೂಣೇನ್ರಿ? ನಮ್ಮವರ ಒಯ್ದಿದ್ರ ಸುಮ್ಮನ ಇಲ್ಲದ ರಾಡಿ ಆಗ್ತೈತಿ."

"ನಮ್ಮವರು ಒಯ್ದಿದ್ರ ಮನಿಯವ್ರಿಗೆ ತಿಳಿಸ್ತಿದ್ರು. ಇಪ್ಪತ್ನಾಕ ತಾಸಿನ್ಯಾಗ ಮ್ಯಾಜಿಸ್ಟ್ರೇಟ್ ಮುಂದ ನಿಲ್ಲಿಸ್ತಿದ್ರು. ಎರಡೂ ಆಗಿಲ್ಲ. ಅಂದ್ರ ಇದು ಅಪಹರಣ. ಹಂಗ ಬರೀರಿ."

ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಅಪಹರಣ ಮತ್ತು ಅಕ್ರಮ ಬಂಧನದ ಕಲಮುಗಳು, ಆರೋಪಿಗಳು ಅಪರಿಚಿತರು. ಒಂದು ಪ್ರತಿ ಅನ್ನವ್ವನ ಕೈಗೆ, ಇನ್ನೊಂದು ವಿಶೇಷ ಪೇದೆಯ ಮೂಲಕ ನ್ಯಾಯಾಲಯಕ್ಕೆ ಹೋಯಿತು. ಮಧ್ಯಾಹ್ನದೊಳಗೆ ಅದು ಇಲಾಖೆಯ ವೆಬ್‌ಸೈಟಿನಲ್ಲೂ ಏರಿತು. ಬೇಕೆಂದೇ ಸುಧಾರಾಣಿ ಇಷ್ಟು ಅವಸರ ಮಾಡಿದ್ದಳು. ಒಮ್ಮೆ ನ್ಯಾಯಾಲಯದ ಮೊಹರು ಬಿದ್ದ ಪ್ರಕರಣವನ್ನು ಯಾರೂ ಒಂದು ಫೋನ್ ಕರೆಯಿಂದ ಅಳಿಸಲಾರರು.

ತಿಳವಳ್ಳಿಯಲ್ಲಿ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ಉಳಿವೆಪ್ಪನ ಮೋಟಾರ್‌ಸೈಕಲ್ಲು ಚಹಾದಂಗಡಿಯ ಮಗ್ಗುಲಲ್ಲಿ ಇನ್ನೂ ನಿಂತಿತ್ತು. ಟೈಲ್ಸ್ ಕೊಯ್ಯುವ ಮಷಿನ್ನು ಹಗ್ಗ ಬಿಗಿದಂತೆಯೇ ಹಿಂದಿನ ಸೀಟಿನಲ್ಲಿತ್ತು. ಅಂಗಡಿಯ ಅಜ್ಜಪ್ಪ ಒಲೆಯ ಉರಿ ಸಣ್ಣದು ಮಾಡಿ ಹೇಳಿಕೆ ಕೊಟ್ಟ.

"ಇಬ್ಬರೂ ಗಟ್ಟಿ ಆಳು. ತಲಿ ಸಣ್ಣಗ ಕಟಿಂಗ್ ಮಾಡ್ಸಿದ್ರು. ಒಬ್ಬಾವ ಚಾ ಕುಡದ. ಉಳಿವೆಪ್ಪ ಬಂದ ಕೂಡ್ಲೇ ಹಿಂದಿನ ಸೀಟಿನ್ಯಾಗ ಕುಂಡ್ರಿಸ್ಕೊಂಡು ಹೋದ್ರು. ಚಾದ ರೊಕ್ಕ ಕೊಡಲಿಲ್ಲ."

"ನೀವು ಕೇಳ್ಲಿಲ್ಲೇನು?"

ಅಜ್ಜಪ್ಪ ಬಂದೇಸಾಬನ ಖಾಕಿಯ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ. "ಕೇಳಿದ್ರ ಹೆಂಗ ನೋಡ್ತಾರ ಅನ್ನೂದು ಗೊತ್ತೈತಲ್ರಿ. ಹಂಗ ನೋಡೂ ಮಂದೀನ ಇದ್ರು ಅವರು."

ಪಕ್ಕದ ಗೊಬ್ಬರದ ಅಂಗಡಿಯ ಕ್ಯಾಮೆರಾದಲ್ಲಿ ಬಿಳಿಯ ಗಾಡಿ ಎರಡು ಸಲ ಹಾದುಹೋಗಿದ್ದು ಸಿಕ್ಕಿತು. ಎರಡನೆಯ ಸಲ ನಂಬರು ಓದುವಂತಿತ್ತು. ಗಾಡಿ ಸವಣೂರಿನ ಎಲೆ ವ್ಯಾಪಾರಿ ಶಂಭುಲಿಂಗನ ಹೆಸರಿನಲ್ಲಿ ನೋಂದಣಿಯಾಗಿತ್ತು.

ಸವಣೂರು ಮುಟ್ಟಿದಾಗ ನಾಲ್ಕು ದಾಟಿತ್ತು. ಶಂಭುಲಿಂಗನ ಮನೆಯ ಪಡಸಾಲೆಯಲ್ಲಿ ಒದ್ದೆ ಗೋಣಿಯ ಕೆಳಗೆ ವೀಳ್ಯದೆಲೆಯ ಪೆಂಡಿಗಳು ಸಾಲಾಗಿದ್ದವು. ಆತ ಪೊಲೀಸರನ್ನು ನೋಡಿ ಹೆದರಲಿಲ್ಲ, ಖುಷಿಪಟ್ಟ.

"ಬರ್ರಿ ಮೇಡಂ. ಬಂಗಾರ ಸಿಕ್ತೇನ್ರಿ?"

"ಯಾವ ಬಂಗಾರ?"

ಎರಡು ವಾರದ ಹಿಂದೆ ಆತನ ಮನೆಯಲ್ಲಿ ಏಳು ತೊಲಿ ಬಂಗಾರ ಕಳುವಾಗಿತ್ತು. ಆ ವಾರ ದೇವರ ಕೋಣೆಗೆ ಟೈಲ್ಸ್ ಹಾಕಿದವನು ಉಳಿವೆಪ್ಪ. ಇಷ್ಟೇ ಆಧಾರ. ಪ್ರಕರಣವನ್ನು ಪತ್ತೆ ದಳದ ಪಿಎಸ್ಐ ಚನ್ನೇಶನಿಗೆ ಒಪ್ಪಿಸಿದ್ದರು.

"ಸಾಹೇಬ್ರು ಗಾಡಿ ಬೇಕು ಅಂದ್ರು, ಕೊಟ್ಟೇನಿ. ಚನ್ನೇಶ ಸಾಹೇಬ್ರು ಕೈ ಹಾಕಿದ್ರ ಮುಗೀತ್ರಿ. ಇಲ್ಲೀ ಮಟಾ ಒಬ್ಬರೂ ಬರೇ ಕೈಲೆ ಮನಿಗೆ ಹೋಗಿಲ್ಲ."

ಚನ್ನೇಶ. ಸುಧಾರಾಣಿ ಹಿಂದಿನ ಠಾಣೆಯಲ್ಲಿದ್ದಾಗ ತರಬೇತಿಗೆ ಬಂದ ಹುಡುಗ. ಪಂಚನಾಮೆ ಬರೆಯುವಾಗ ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಬರೆಯುತ್ತಿದ್ದ. ಅವನ ಕೈಬರಹ ಅವಳಿಗೆ ಇನ್ನೂ ಕಣ್ಣಮುಂದಿತ್ತು. ಅವಳು ಮುಖದಲ್ಲಿ ಏನನ್ನೂ ತೋರಿಸದೆ ಹೇಳಿಕೆ ಬರೆದುಕೊಂಡಳು.

ಎದ್ದು ಹೊರಡುವಾಗ ಶಂಭುಲಿಂಗನ ಹೆಂಡತಿ ಸರೋಜವ್ವ ಒಳಬಾಗಿಲಿಗೆ ಬಂದು ನಿಂತಳು. ಗಂಡನ ಕಡೆ ನೋಡದೆ ಮಾತು ತೆಗೆದಳು.

"ನಮ್ಮ ನಾದಿನೀನ್ನ ಹಿರೇಕೆರೂರಿಗೆ ಕೊಟ್ಟೇವ್ರಿ. ಹೋದ ವರ್ಷ ಆಕಿ ಸರ ಕಳುವಾಗಿತ್ತು. ಈ ಸಾಹೇಬ್ರ ತಂದುಕೊಟ್ರು. ಆಕಿದು ಎರಡೆಳಿ ಸರ. ಬಂದದ್ದು ಒಂದೆಳಿದು. ತೂಕ ಬರೋಬ್ಬರಿ ಇತ್ತು, ಸುಮ್ಮನ ತಗೊಂಡ್ರು. ಮನಿಗೆ ತಂದು ನೋಡಿದ್ರ ಅದರಾಗ ಯಾರದೋ ತಾಳಿ ಗುಂಡು ಪೋಣಿಸಿದಂಗ ಇದ್ವು. ಆಕಿ ಅದನ್ನ ಒಂದಿನಾನೂ ಹಾಕ್ಕೊಂಡಿಲ್ರಿ."

"ಸರೂ," ಎಂದ ಶಂಭುಲಿಂಗ.

"ಕೇಳಾಕ ಬಂದಾರ, ಹೇಳಾಕತ್ತೇನಿ," ಎಂದಳು ಆಕೆ.

ಜೀಪು ಸವಣೂರು ದಾಟಿತು. ಸುಧಾರಾಣಿಗೆ ಚನ್ನೇಶನ ರೀತಿ ಸ್ಪಷ್ಟವಾಯಿತು. ಅನುಮಾನದ ಮೇಲೆ ಒಬ್ಬನನ್ನು ಎತ್ತುವುದು, ಅವನು ಕದ್ದಿರಲಿ ಬಿಡಲಿ, ಅವನ ಮನೆಯವರು ಎಲ್ಲಿಂದಲಾದರೂ ಅಷ್ಟೇ ತೂಕದ ಬಂಗಾರ ತರುವ ತನಕ ಬಡಿಯುವುದು, ಬಂದದ್ದನ್ನು ಕಳವಿನ ಮಾಲೆಂದು ತೋರಿಸಿ ಹಾರ ಹಾಕಿಸಿಕೊಳ್ಳುವುದು. ಕಳ್ಳ ಎಲ್ಲಿಯೋ ಆರಾಮಾಗಿ ಇರುತ್ತಾನೆ. ಒಂದು ಮನೆಯ ಹೆಂಗಸಿನ ಕೊರಳಿನದು ಇನ್ನೊಂದು ಮನೆಗೆ ಹೋಗುತ್ತದೆ. ನಡುವೆ ಸರ್ಕಾರದ ಮೊಹರು.

"ಸಂವಿಧಾನ ದಿನಕ್ಕ ವರ್ಷಾ ನಿಂತು ಪ್ರಮಾಣ ಓದ್ತೇವಲ್ರಿ ಬಂದೇಸಾಬ್ರ," ಎಂದಳು ಕೊನೆಗೆ. "ಎಲ್ಲಾರೂ ಕೈ ಮುಂದ ಮಾಡಿ ನಿಂತಿರ್ತೇವಿ. ಈ ಚನ್ನೇಶನೂ ನಿಂತಿದ್ದ, ನನ್ನ ಬಾಜೂಕ."

ಬಂದೇಸಾಬ ಶಂಭುಲಿಂಗನ ಹೇಳಿಕೆಯನ್ನು ಮಡಚಿ ಫೈಲಿನಲ್ಲಿಟ್ಟ.

ಆರೂವರೆಗೆ ಚನ್ನೇಶನೇ ಫೋನು ಮಾಡಿದ. ಶಂಭುಲಿಂಗ ಸುದ್ದಿ ಮುಟ್ಟಿಸಿದ್ದ.

"ಮೇಡಂ, ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಅಲ್ಲಿ ತನಕಾ ಯಾಕ ಹೋದ್ರಿ?"

"ಹಂಗಾರ ಹೇಳು. ಉಳಿವೆಪ್ಪ ಎಲ್ಲಿ ಅದಾನ?"

"ಆ ಹೆಸರಿನಾವ ಯಾರೂ ನಮ್ಮ ಕಡೆ ಇಲ್ರಿ."

"ಚನ್ನೇಶ, ಇನ್ನೊಮ್ಮೆ ಕೇಳ್ತೇನಿ."

"ಇಲ್ರಿ ಮೇಡಂ."

ಅದಾದ ಸ್ವಲ್ಪ ಹೊತ್ತಿಗೆ ಮೇಲಧಿಕಾರಿಯೊಬ್ಬರ ಕರೆ ಬಂತು. ದನಿ ಮೆತ್ತಗಿತ್ತು. ಇಂಥದ್ದನ್ನು ಒಳಗೊಳಗೇ ಬಗೆಹರಿಸಬೇಕು, ಎಫ್‌ಐಆರ್ ಹಾಕುವ ಮೊದಲು ಒಂದು ಮಾತು ಕೇಳಬೇಕಿತ್ತು, ವೆಬ್‌ಸೈಟಿಗೆ ಏರಿಸುವ ಅವಸರವೇನಿತ್ತು ಎಂದು ಅವರು ಒಂದೊಂದಾಗಿ ಕೇಳಿದರು. ಕೊನೆಗೆ, "ಆ ಗೌಂಡಿನೇ ಕದ್ದಿದ್ದರೆ ಏನಮ್ಮಾ ಮಾಡ್ತೀಯ?" ಎಂದರು.

"ಕದ್ದಿದ್ರ ಕೇಸ್ ಹಾಕಿ ಕೋರ್ಟಿಗೆ ಕಳಸ್ತೇನ್ರಿ ಸರ್. ಕದ್ದಾನಂತ ಕಟ್ಟಿ ಹಾಕಾಕ ಬರಂಗಿಲ್ಲ. ತಾವು ತನಿಖೆ ನಿಲ್ಲಿಸು ಅಂತ ಹೇಳಾಕತ್ತಿದ್ರ ದಯಮಾಡಿ ಬರದು ಕಳಸ್ರಿ. ಕೋರ್ಟಿಗೆ ಹಾಜರು ಮಾಡ್ತೇನಿ."

ಆ ಕಡೆ ಫೋನು ಇಟ್ಟ ಸದ್ದಾಯಿತು. ಬರೆದ ಆದೇಶ ಬರಲಿಲ್ಲ. ಸುಧಾರಾಣಿ ಕೂತು ಪೊಲೀಸ್ ವರಿಷ್ಠಾಧಿಕಾರಿಗೆ ಅಂದಿನ ವರದಿ ಬರೆದಳು. ಗಾಡಿ ಯಾರದು, ಅದನ್ನು ಪಡೆದವರು ಯಾರು, ಯಾರು ಏನೆಂದು ಫೋನು ಮಾಡಿದರು, ಎಲ್ಲವನ್ನೂ ಹೆಸರು ಹಿಡಿದು ಬರೆದಳು.

ಬುಧವಾರ ಬೆಳಿಗ್ಗೆ ಮೊಬೈಲ್ ಕಂಪನಿಯಿಂದ ಉತ್ತರ ಬಂತು. ಅನ್ನವ್ವನಿಗೆ ಕರೆ ಬಂದ ಹೊತ್ತಿನಲ್ಲಿ ಉಳಿವೆಪ್ಪನ ಫೋನು ಶಿಗ್ಗಾವಿ ತಾಲ್ಲೂಕಿನ ತಡಸದ ಟವರಿನ ಕೆಳಗಿತ್ತು. ತಡಸದ ಸುತ್ತ ಹೆದ್ದಾರಿ, ಗೋದಾಮು, ಮುಚ್ಚಿದ ಕಾರ್ಖಾನೆ, ಹೊಲ. ಎಲ್ಲಿಂದ ಹುಡುಕಬೇಕು?

"ನಾಕ ಮಂದಿ ಒಂದ್ ಕಡೆ ಇದ್ರ ಉಣ್ಣಾಕರ ಬೇಕಲ್ರಿ," ಎಂದ ಬಂದೇಸಾಬ.

ಸಾದಾ ಬಟ್ಟೆಯಲ್ಲಿ ಇಬ್ಬರೂ ಊರಿನ ಖಾನಾವಳಿಗಳನ್ನು ಒಂದೊಂದಾಗಿ ಕೇಳುತ್ತ ಹೋದರು. ಮೂರನೆಯದರಲ್ಲಿ ರೊಟ್ಟಿ ಬಡಿಯುತ್ತಿದ್ದ ದಿಲ್ಶಾದ ಎಂಬ ಹೆಂಗಸು ಕೈ ನಿಲ್ಲಿಸದೆ ಹೇಳಿದಳು, "ಹಳೇ ಹತ್ತಿ ಮಿಲ್ಲಿಗೆ ಕಟ್ಟಿಸ್ಕೊಂಡು ಹೋಗ್ತಾರ್ರಿ, ಸೋಮವಾರದಿಂದ. ಒಬ್ಬಾವ ಗಾಡಿ ಮ್ಯಾಲೆ ಬರ್ತಾನ. ರೊಟ್ಟಿ ಊಟ, ಅದರ ಕೂಡ ಒಬ್ಬರಿಗೆ ಬರೇ ಗಂಜಿ. ಯಾರಿಗರ ಹಲ್ಲು ನೋವೇನಪಾ ಅಂತ ಕೇಳಿದೆ. ನಕ್ಕ."

ಸುಧಾರಾಣಿ ಹೊರಗೆ ಬಂದು ಜೀಪಿನಿಂದ ಸಮವಸ್ತ್ರದ ಚೀಲ ತೆಗೆದಳು.

ಹನ್ನೆರಡೂವರೆಗೆ ಇಬ್ಬರೂ ಸಮವಸ್ತ್ರ ತೊಟ್ಟು, ಗ್ರಾಮ ಆಡಳಿತ ಅಧಿಕಾರಿ ಮತ್ತು ಪಂಚಾಯ್ತಿ ನೌಕರನನ್ನು ಪಂಚರಾಗಿ ಕರೆದುಕೊಂಡು, ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿಕೊಂಡು ಅವರು ಮಿಲ್ಲಿನ ಗೇಟು ದಾಟಿದರು. ಒಳಗೆ ಪತ್ತೆ ದಳದ ಇಬ್ಬರು ಪೇದೆಗಳು ಇಸ್ಪೀಟಾಡುತ್ತಿದ್ದರು. ಒಬ್ಬ ಅವಳನ್ನು ಗುರುತಿಸಿ ಎದ್ದು ಸಲ್ಯೂಟ್ ಹೊಡೆದ.

"ಸಲ್ಯೂಟ್ ಬ್ಯಾಡ," ಎಂದಳು ಸುಧಾರಾಣಿ. "ಎರಡೂ ಕೈ ಕಾಣೂ ಹಂಗ ಅಲ್ಲೇ ಕುಂಡ್ರು. ನಿಮ್ಮನ್ನ ದಸ್ತಗಿರಿ ಮಾಡಾಕತ್ತೇನಿ. ಯಾಕ ಅಂತ ಬರದು ಕೊಡ್ತೇನಿ."

ಹತ್ತಿಯನ್ನು ಒತ್ತಿ ಮೂಟೆ ಕಟ್ಟುವ ಹಳೆಯ ಯಂತ್ರದ ಕಾಲಿಗೆ ಸರಪಳಿ ಹಾಕಿದ್ದರು. ಸರಪಳಿಯ ಇನ್ನೊಂದು ತುದಿಯಲ್ಲಿ ಉಳಿವೆಪ್ಪ. ಅಂಗಾಲು ಬಾತು ಹೋಗಿದ್ದವು. ಒಂದು ಕಡೆಯ ದವಡೆ ಊದಿ ಕಣ್ಣು ಮುಚ್ಚಿತ್ತು. ಖಾಕಿ ಕಂಡದ್ದೇ ಆತ ಎರಡೂ ಮೊಣಕೈಗಳಿಂದ ಮುಖ ಮುಚ್ಚಿಕೊಂಡ.

"ಕೊಡ್ತೇನ್ರಿ ಸಾಹೇಬ್ರ. ರಿಕವರಿ ಕೊಡ್ತೇನಿ. ಹೊಂದಸಾಕತ್ತಾರ್ರಿ ಮನ್ಯಾಗ."

ಸುಧಾರಾಣಿ ಟೋಪಿ ತೆಗೆದು ಅವನಿಂದ ಸ್ವಲ್ಪ ದೂರ, ಆ ಹೊಲಸು ನೆಲದ ಮೇಲೆಯೇ ಕುಳಿತಳು. "ಏನೂ ಕೊಡೂದು ಬ್ಯಾಡ. ನಿಮ್ಮ ಮನಿಯವ್ರು ಕಂಪ್ಲೇಂಟ್ ಕೊಟ್ಟಾರ. ನಾ ಅವರ ಕಡೆಯಿಂದ ಬಂದೇನಿ."

ಆತ ನಂಬಲಿಲ್ಲ. ಅವಳು ಅನ್ನವ್ವನಿಗೆ ಫೋನು ಹಚ್ಚಿ ಅವನ ಕಿವಿಗೆ ಹಿಡಿದಳು. ಹೆಂಡತಿಯ ದನಿ ಕೇಳಿದ ಮೇಲೆ ಮೊಣಕೈಗಳು ಮೆಲ್ಲಗೆ ಕೆಳಗಿಳಿದವು. ಪಂಚನಾಮೆಯಲ್ಲಿ ಸರಪಳಿ, ರಬ್ಬರಿನ ಪಟ್ಟಿಯ ತುಂಡು, ಗಂಜಿಯ ಡಬ್ಬಿ ಸೇರಿದವು. ಪಂಚರಿಬ್ಬರೂ ಸಹಿ ಮಾಡಿದರು.

ಆಸ್ಪತ್ರೆಯಲ್ಲಿ ವೈದ್ಯರು ಗಾಯಗಳನ್ನು ಒಂದೊಂದಾಗಿ ಬರೆದುಕೊಂಡರು. ಅನ್ನವ್ವ ಬಂದಳು. ಗಂಡನ ಕಾಲುಗಳನ್ನು ನೋಡಿದಳು, ಮುಟ್ಟಲಿಲ್ಲ. ಆಮೇಲೆ ಸುಧಾರಾಣಿಯ ಎದುರು ಬಂದು ನಿಂತಳು.

"ಅಕ್ಕಾರ, ಅವರು ಕದ್ದಿಲ್ಲ ಅಂತ ಬರ್ಕೋರಿ."

"ಅದು ಈ ಕೇಸಿಗೆ ಬೇಕಾಗಿಲ್ಲವ್ವಾ. ಕದ್ದಿರ್ಲಿ ಬಿಡ್ಲಿ, ಅವರಿಗೆ ಮಾಡಿದ್ದು ತಪ್ಪ."

"ನನಗ ಬೇಕ್ರಿ," ಎಂದಳು ಅನ್ನವ್ವ. "ಊರಾಗ ಇರಾವ್ರು ನಾವು."

ಸುಧಾರಾಣಿಗೆ ತನ್ನ ಕಾನೂನಿನ ಮಾತು ಒಂದು ಕ್ಷಣ ಟೊಳ್ಳಾಗಿ ಕೇಳಿಸಿತು. ಆಕೆಯ ಹೇಳಿಕೆಯ ಕೊನೆಗೆ ಆ ಸಾಲನ್ನೂ ಆಕೆಯ ಮಾತಿನಲ್ಲೇ ಬರೆಸಿದಳು. ಕದ್ದ ಮಾಲು ಕೊಡೆಂದು ಹೊಡೆಯುವುದಕ್ಕೆ ಸಂಹಿತೆಯಲ್ಲಿ ಪ್ರತ್ಯೇಕವಾಗಿಯೇ ನೂರ ಇಪ್ಪತ್ತನೆಯ ಕಲಮು ಇದೆ. ಅದನ್ನು ಪ್ರಕರಣಕ್ಕೆ ಸೇರಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು.

ಅಷ್ಟರಲ್ಲಿ ಹಿರೇಕೆರೂರಿಗೆ ಕಳಿಸಿದ್ದ ಮಹಿಳಾ ಪೇದೆ ಆ ಒಂದೆಳೆಯ ಸರದೊಂದಿಗೆ ಮರಳಿದ್ದಳು. ಹೋದ ವರ್ಷ ಆ ಕಳವಿನಲ್ಲಿ ಸಿಕ್ಕಿಬಿದ್ದನೆಂದು ತೋರಿಸಿದ ಆರೋಪಿಯ ಮನೆ ರಟ್ಟೀಹಳ್ಳಿಯಲ್ಲಿತ್ತು. ಪೇದೆ ಅಲ್ಲಿಗೂ ಹೋಗಿ ಬಂದಿದ್ದಳು. ಅವನ ಹೆಂಡತಿ ಸರವನ್ನು ನೋಡಿ ಕೈಗೆ ತೆಗೆದುಕೊಳ್ಳಲಿಲ್ಲವಂತೆ. ಗುಂಡು ಎಣಿಸಿ, "ನಂದ ಐತ್ರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಸಂಜೆ ಆರಕ್ಕೆ ಚನ್ನೇಶ ತಾನೇ ಬಿಳಿಗುಡ್ಡ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಪಟ್ಟಿ. ಯಾರೋ ಎಲ್ಲ ಸರಿಮಾಡುತ್ತಾರೆಂಬ ಭರವಸೆ ನಡಿಗೆಯಲ್ಲಿತ್ತು.

"ನಮ್ಮ ಹುಡುಗರನ್ನ ಕುಂಡ್ರಿಸೀರಂತ ಮೇಡಂ."

"ಕುಂಡ್ರಿಸಿಲ್ಲ, ಅರೆಸ್ಟ್ ಮಾಡೇನಿ. ಅವರ ಮನಿಗೆ ತಿಳಿಸೇನಿ. ನೀನೂ ಕುಂಡ್ರು."

ಅವನು ಕೂರಲಿಲ್ಲ. "ಮೂರು ವರ್ಷದಾಗ ನನ್ನ ಕೈಗೆ ಬಂದ ಒಂದ್ ಕೇಸರ ಖಾಲಿ ಹೋಗೇತೇನ್ರಿ? ಕೋರ್ಟಿನ ದಾರಿ ಕಾದ್ರ ಮಂದಿ ಸಾಮಾನು ಮಂದಿಗೆ ಯಾವಾಗ ಮುಟ್ಟಬೇಕು?"

ಸುಧಾರಾಣಿ ಪಾರದರ್ಶಕ ಚೀಲದಲ್ಲಿ ಮೊಹರು ಮಾಡಿದ್ದ ಸರವನ್ನು ಮೇಜಿನ ಮೇಲಿಟ್ಟಳು. "ಇದು ಯಾರ ಸಾಮಾನು? ಯಾರಿಗೆ ಮುಟ್ಟಿಸಿದಿ?"

"ಆರೋಪಿ ಕೊಟ್ಟ, ನಾ ತಂದೆ."

"ಅವ ಎಲ್ಲಿಂದ ತಂದ?"

"ಅದನ್ನ ಕೇಳೂದು ನನ್ನ ಕೆಲಸ ಅಲ್ರಿ."

"ಅದ ನಿನ್ನ ಕೆಲಸ ಇತ್ತು, ಚನ್ನೇಶ. ಅದೊಂದ ಇತ್ತು ನಿನ್ನ ಕೆಲಸ."

ಚನ್ನೇಶ ಬಾಗಿಲ ಕಡೆ ತಿರುಗಿದ. ಒಳಬಂದಿದ್ದ ಬಂದೇಸಾಬ ಅಡ್ಡ ನಿಂತು ಅವನ ಕೊರಳಪಟ್ಟಿಗೆ ಕೈ ಹಾಕಿದ. ಆ ಹಿರಿಯ ಮನುಷ್ಯನ ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ಆ ಮುಷ್ಟಿ ಮೇಲೇಳಲಿ ಎಂದು ಸುಧಾರಾಣಿಯ ಇಡೀ ಮೈ ಬಯಸಿತು. ಬಾತ ಅಂಗಾಲುಗಳು, ಗಂಜಿಯ ಡಬ್ಬಿ, ಎಲ್ಲ ಕಣ್ಣಮುಂದೆ ಬಂದವು.

"ಕೈ ತಗೀರಿ ಬಂದೇಸಾಬ್ರ."

"ಮೇಡಂ…"

"ತಗೀರಿ. ಇವನ ಮೈ ಮ್ಯಾಲೆ ಒಂದ್ ಗೆರಿ ಬಿದ್ರ ನಾವೂ ಅದ ಮಿಲ್ಲಿನಾಗ ಕುಂತಂಗ."

ಬಂದೇಸಾಬ ಕೈ ಬಿಟ್ಟ. ಸುಧಾರಾಣಿ ಬಂಧನದ ಕಾರಣಗಳನ್ನು ಬರೆದ ಹಾಳೆಯನ್ನು ಚನ್ನೇಶನಿಗೆ ಕೊಟ್ಟು, ಬಾಯಲ್ಲೂ ಓದಿ ಹೇಳಿದಳು. ವಕೀಲರನ್ನು ಕರೆಸಿಕೊಳ್ಳಬಹುದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ. ವೈದ್ಯಕೀಯ ತಪಾಸಣೆ ಆಗುತ್ತದೆ. ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟರ ಎದುರು ಹಾಜರು.

ಚನ್ನೇಶ ವಾರೆ ನಕ್ಕ. "ನನಗ ಇದನ್ನ ಓದಿ ಹೇಳ್ಬೇಕೇನ್ರಿ? ನೀವ ಕಲಿಸಿದ್ದು."

"ಉಳಿವೆಪ್ಪಗ ನೀ ಓದಿ ಹೇಳ್ಲಿಲ್ಲಲ್ಲ. ಸಹಿ ಮಾಡು."

ಅವನು ಸಹಿ ಮಾಡಿದ. ಸಂಜೆ ಆರು ನಲವತ್ತು.

"ನಿನ್ನ ಬಂಧನದ ಸುದ್ದಿ ಯಾರಿಗೆ ತಿಳಿಸ್ಬೇಕು?"

ಈ ಪ್ರಶ್ನೆಗೆ ಅವನ ನಗು ಹೋಯಿತು. ಕುರ್ಚಿ ಎಳೆದು ಕುಳಿತು ಒಂದು ನಂಬರು ಹೇಳಿದ. "ಅವ್ವಗ."

ಸುಧಾರಾಣಿ ಅಂಗಳಕ್ಕೆ ಬಂದು ಕರೆ ಮಾಡಿದಳು. ವಯಸ್ಸಾದ ದನಿ. ಸುಧಾರಾಣಿ ತಾನು ಯಾರು, ಮಗನನ್ನು ಯಾವ ಕಾರಣಕ್ಕೆ ಬಂಧಿಸಲಾಗಿದೆ, ಎಲ್ಲಿದ್ದಾನೆ ಎಂಬುದನ್ನು ನಿಧಾನವಾಗಿ ಹೇಳಿದಳು. ಮುದುಕಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವಂತೆ ಮಾತಾಡಿದಳು.

"ಅವ ಸಣ್ಣಾವಿದ್ದಾಗ ನನ್ನ ಬಂಗಾರದ ಬೋರಮಾಳ ಸರ ಕಳುವಾತ್ರಿ. ಅವನ ಕೈ ಹಿಡ್ಕೊಂಡು ಠಾಣೇಕ ಹೋಗಿದ್ದೆ. ನೀನ ಮಾರ್ಕೊಂಡು ನಾಟಕ ಮಾಡ್ತಿ ಅಂತ ಹೊರಗ ಹಾಕಿದ್ರು. ಅವ ದಾರಿ ತುಂಬ ಅತ್ತ. ನಾ ಪೊಲೀಸ್ ಆಗಿ ಎಲ್ಲಾರದೂ ತಂದುಕೊಡ್ತೇನಬೇ ಅಂತಿದ್ದ. ನೌಕರಿಗೆ ಸೇರಿದ ಮ್ಯಾಲೆ ಯಾರ್‍ಯಾರದೋ ತಂದುಕೊಟ್ಟೆ ಅಂತ ಪ್ರತಿ ಸಲ ಫೋನ್ ಮಾಡಿ ಹೇಳಾವ."

ಅದನ್ನು ಕೇಳಿಯೂ ಸುಧಾರಾಣಿಯ ಸಿಟ್ಟು ಇಳಿಯಲಿಲ್ಲ.

"ಅಕ್ಕಾರ," ಎಂದಳು ಮುದುಕಿ. "ಅವನ್ನ ಹೊಡೀಬ್ಯಾಡ್ರಿ."

"ಇಲ್ಲವ್ವಾ. ಯಾರೂ ಮುಟ್ಟಂಗಿಲ್ಲ."

"ಹಂಗ ಅಂತಾರ್ರಿ ಎಲ್ಲಾರೂ."

"ಖರೇ ಐತವ್ವಾ. ಆದ್ರೂ ನಾಳೆ ಮುಂಜಾನೆ ಕೋರ್ಟಿಗೆ ಬರ್ರಿ. ಅವನ ಅಂಗಾಲು ನೀವ ಕಣ್ಣಾರೆ ನೋಡ್ರಿ."